ಫೋರ್ಸೈತ್ ಕೌಂಟಿಯಲ್ಲಿ ಒಕ್ಕಲೆಬ್ಬಿಸಿದವರ ಜಾಡು: ನಾಲ್ಕು ದಿನದ ತಿರುಗಾಟ

ಅಮೆರಿಕದ ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 1912ರಲ್ಲಿ ಓಡಿಸಿದ ಕಪ್ಪು ಜನರ ನೆಲದ ಜಾಡು ಹಿಡಿಯುವ ಈ ತಿರುಗಾಟ ಬುಧವಾರ ಶುರುವಾದರೆ ಅನುಕೂಲ. ಮಾರೋ ಪಟ್ಟಣದ ಜಾರ್ಜಿಯಾ ರಾಜ್ಯ ಪತ್ರಾಗಾರಕ್ಕೆ ಭಾನುವಾರ, ಸೋಮವಾರ ರಜೆ. ಫೋರ್ಸೈತ್‌ನ ಮುಖ್ಯ ಊರಾದ ಕಮಿಂಗ್‌ನ ಕೋರ್ಟಿನ ದಸ್ತಾವೇಜು ಕೋಣೆಗೆ ಶನಿವಾರ, ಭಾನುವಾರ ರಜೆ. ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ, ಗುಂಪುಗಳ ಕೈಯಲ್ಲಿ ಕೊಲೆಯಾದ ಕಪ್ಪು ಜನರ ಸ್ಮಾರಕಕ್ಕೂ ವಾರದ ಮೊದಲಲ್ಲಿ ರಜೆಯಿರುತ್ತದೆ. ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸಲು ಬುಧವಾರ ಮಾರೋ, ಗುರುವಾರ ಕಮಿಂಗ್, ಶುಕ್ರವಾರ ಲೇನಿಯರ್ ಸರೋವರ ಮತ್ತು ಗೇನ್ಸ್‌ವಿಲ್, ಶನಿವಾರ ಮಾಂಟ್ಗೊಮರಿ ಎಂಬ ಕ್ರಮ ಹೊಂದುತ್ತದೆ. ಕಾರು ಬೇಕೇ ಬೇಕು.

ಹೊರಡುವ ಮೊದಲು ತಿಳಿದಿರಬೇಕಾದದ್ದು ಇಷ್ಟು. ಅಟ್ಲಾಂಟಾದಿಂದ ಉತ್ತರಕ್ಕೆ ಸುಮಾರು 40 ಮೈಲಿ ದೂರದ ಫೋರ್ಸೈತ್ ಕೌಂಟಿಯಲ್ಲಿ 1910ರ ಜನಗಣತಿಯ ಹೊತ್ತಿಗೆ 1,098 ಕಪ್ಪು ಜನರಿದ್ದರು, ಹೆಚ್ಚುಕಡಿಮೆ ಹತ್ತರಲ್ಲೊಬ್ಬರು. 1920ರ ಗಣತಿಯಲ್ಲಿ ಉಳಿದವರು 30. ನಡುವೆ ಬರ ಬಂದಿರಲಿಲ್ಲ, ರೋಗ ಬಂದಿರಲಿಲ್ಲ. 1912ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ರಾತ್ರಿ ಕುದುರೆಯೇರಿ ಬಂದ ಬಿಳಿಯರ ಗುಂಪುಗಳು ಮನೆಗಳಿಗೆ ಗುಂಡು ಹಾರಿಸಿ, ಚರ್ಚುಗಳಿಗೆ ಬೆಂಕಿಯಿಟ್ಟು, ಇಂತಿಷ್ಟು ಗಂಟೆಯೊಳಗೆ ಜಾಗ ಖಾಲಿ ಮಾಡಿ ಎಂದು ಬೆದರಿಸಿ ಅವರನ್ನು ಒಕ್ಕಲೆಬ್ಬಿಸಿದವು. ಓಡಿಸಿದ ಕತೆಯನ್ನು ಈಗ ಬಹಳ ಜನ ಬಲ್ಲರು. ಬಿಟ್ಟುಹೋದ ನೆಲ ಯಾರ ಹೆಸರಿಗೆ, ಯಾವ ಕಾಗದದ ಮೇಲೆ ಹೋಯಿತು ಎಂಬುದನ್ನು ಹುಡುಕುವವರು ಕಡಿಮೆ. ಈ ನಾಲ್ಕು ದಿನ ಆ ಹುಡುಕಾಟಕ್ಕೆ.

ಮೊದಲ ದಿನ, ಬುಧವಾರ: ಮಾರೋ

ಅಟ್ಲಾಂಟಾದಿಂದ ಐ-75ರಲ್ಲಿ ದಕ್ಷಿಣಕ್ಕೆ ಹೋಗಿ 233ನೇ ಎಕ್ಸಿಟ್‌ನಲ್ಲಿ ಇಳಿದರೆ ಜೋನ್ಸ್‌ಬೊರೊ ರಸ್ತೆ. ಪತ್ರಾಗಾರ ಆ ರಸ್ತೆಯ ಮೇಲೇ ಇದೆ. ಬೆಳಗ್ಗೆ ಎಂಟೂವರೆಗೆ ಬಾಗಿಲು ತೆಗೆಯುತ್ತಾರೆ. ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಿ ಓದುಗರ ಕಾರ್ಡು ಮಾಡಿಸಿಕೊಳ್ಳಬೇಕು, ಬ್ಯಾಗು ಲಾಕರ್‌ನಲ್ಲಿ. ಒಳಗೆ ಪೆನ್ನು ಕೂಡದು, ಪೆನ್ಸಿಲ್ ಮಾತ್ರ.

ಇಲ್ಲಿ ಬೇಕಾದದ್ದು ಒಂದೇ ಸರಣಿ: ಫೋರ್ಸೈತ್ ಕೌಂಟಿಯ ತೆರಿಗೆ ಪುಸ್ತಕಗಳು, 1910ರಿಂದ 1916ರವರೆಗೆ. ಯಾವ ವರ್ಷದ್ದು ಮೈಕ್ರೋಫಿಲ್ಮ್‌ನಲ್ಲಿದೆ, ಯಾವುದನ್ನು ಮೂಲ ಪುಸ್ತಕವಾಗಿ ತರಿಸಬೇಕು ಎಂದು ವಾರ ಮೊದಲೇ ಇ-ಮೇಲ್ ಮಾಡಿ ಕೇಳಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ. ಜನಗಣತಿಯ ಹಾಳೆಗಳು ಅಂತರ್ಜಾಲದಲ್ಲೇ ಸಿಗುವುದರಿಂದ ಅವನ್ನು ಮನೆಯಲ್ಲೇ ಮುಗಿಸಿ ಬರಬೇಕು. ಅವಕ್ಕಾಗಿ ಇಲ್ಲಿ ಗಂಟೆ ಕಳೆಯುವುದು ದಂಡ.

ಜನಗಣತಿಯಿಂದ ಹೆಸರು ಹೆಕ್ಕುವ ಕ್ರಮ ಹೀಗೆ. 1910ರ ಹಾಳೆಯ 6ನೇ ಕಲಂ ಜನಾಂಗದ್ದು. ಅಲ್ಲಿ ‘ಬಿ’ ಅಥವಾ ‘ಎಂಯು’ ಎಂದಿರುವ ಕುಟುಂಬಗಳನ್ನು ಗುರುತು ಮಾಡಿಕೊಳ್ಳಬೇಕು. ಆಮೇಲೆ ಬಲತುದಿಗೆ ಹೋಗಬೇಕು. 26ನೇ ಕಲಂನಲ್ಲಿ ‘ಓ’ ಇದ್ದರೆ ಸ್ವಂತದ್ದು, ‘ಆರ್’ ಇದ್ದರೆ ಗೇಣಿ. 27ರಲ್ಲಿ ಸಾಲವಿಲ್ಲದ್ದೋ ಅಡವಿಟ್ಟದ್ದೋ, 28ರಲ್ಲಿ ಹೊಲವೋ ಬರೀ ಮನೆಯೋ ಎಂಬುದು ತಿಳಿಯುತ್ತದೆ. ಈ ಜರಡಿ ಹಿಡಿದ ಮೇಲೆ ಪಟ್ಟಿ ಬಹಳ ಸಣ್ಣದಾಗುತ್ತದೆ. ಏಕೆಂದರೆ ಫೋರ್ಸೈತ್‌ನ ಕಪ್ಪು ಕುಟುಂಬಗಳಲ್ಲಿ ಹೆಚ್ಚಿನವು ಗೇಣಿಗೋ ಪಾಲಿಗೋ ಬೇಸಾಯ ಮಾಡುತ್ತಿದ್ದವು, ಇಲ್ಲವೇ ಕೂಲಿಗೆ ಹೋಗುತ್ತಿದ್ದವು. ಸ್ವಂತ ನೆಲವಿದ್ದವರು 58 ಮಂದಿ. ಎಲ್ಲರದೂ ಸೇರಿ ಸುಮಾರು 1,900 ಎಕರೆ. ಸರಾಸರಿ ತೆಗೆದರೆ ತಲೆಗೆ 33 ಎಕರೆಯಷ್ಟು ಬರುತ್ತದೆ, ಆದರೆ ಆ ಸರಾಸರಿಯನ್ನು ನಂಬಬಾರದು. ಸಾನೀ ಬೆಟ್ಟದ ಬಳಿ ಜೋಸೆಫ್ ಕೆಲಾಗ್ ಒಬ್ಬರದೇ 200 ಎಕರೆಗೂ ಮೇಲಿತ್ತು.

ಪಟ್ಟಿಯಿಂದ ಬಿದ್ದುಹೋದ ಗೇಣಿದಾರರನ್ನು ಮರೆಯುವಂತಿಲ್ಲ. ಅವರು ಕಳೆದುಕೊಂಡದ್ದು ಯಾವ ನೋಂದಣಿ ಪುಸ್ತಕದಲ್ಲೂ ಸಿಗದು. ಸೆಪ್ಟೆಂಬರ್ ಎಂದರೆ ಜಾರ್ಜಿಯಾದಲ್ಲಿ ಹತ್ತಿ ಬಿಡಿಸುವ ಕಾಲ. ಬಿತ್ತನೆಯಿಂದ ಸಾಲದ ಮೇಲೆ ಬದುಕಿದ ಪಾಲುಗಾರನ ಲೆಕ್ಕ ಚುಕ್ತಾ ಆಗುವುದು ಹತ್ತಿ ಜಿನ್ನಿಗೆ ಹೋದ ಮೇಲೆ. ಗಿಡದಲ್ಲಿ ಕಾಯಿ ಒಡೆದು ನಿಂತಿರುವಾಗಲೇ ಓಡಿದರೆ ವರ್ಷದ ದುಡಿಮೆ ಪೂರ್ತಿ ಜಮೀನಿನ ಧಣಿಯ ಪಾಲು.

ಇನ್ನು ತೆರಿಗೆ ಪುಸ್ತಕ. ಕೌಂಟಿಯನ್ನು ಮಿಲಿಷಿಯಾ ಡಿಸ್ಟ್ರಿಕ್ಟ್ ಎಂಬ ಹೋಬಳಿಯಂಥ ತುಂಡುಗಳಾಗಿ ಒಡೆದಿದ್ದಾರೆ. ಪ್ರತಿ ತುಂಡಿನಲ್ಲೂ ಕಪ್ಪು ತೆರಿಗೆದಾರರದು ಬೇರೆಯೇ ಪಟ್ಟಿ. ಹೆಸರಿನ ಎದುರಿಗೆ ಎಕರೆ, ನೆಲದ ಬೆಲೆ, ಮನೆಯ ಸಾಮಾನು, ದನಕರು, ಬೇಸಾಯದ ಸಲಕರಣೆ ಇಷ್ಟೂ ಅಡ್ಡಸಾಲಿನಲ್ಲಿ ಬರುತ್ತವೆ. ಒಂದು ಹೇಸರಗತ್ತೆ, ಒಂದು ನೇಗಿಲು, ಎರಡು ಮಂಚದ ಸಂಸಾರ ಆ ಒಂದೇ ಸಾಲಿನಲ್ಲಿ ಕಣ್ಣಿಗೆ ಕಟ್ಟುತ್ತದೆ. 1912ರ ಪುಸ್ತಕದಲ್ಲಿ ಈ ಪಟ್ಟಿ ಪೂರ್ತಿಯಿರುತ್ತದೆ, ಏಕೆಂದರೆ ಆ ವರ್ಷದ ಲೆಕ್ಕ ಕೊಟ್ಟದ್ದು ಗಲಭೆಗೆ ಮೊದಲು. 1913ರದ್ದನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಬರೆದುಕೊಳ್ಳಬೇಕಾದದ್ದು ಹೆಸರಿಗಿಂತ ಹೆಚ್ಚಾಗಿ ಲ್ಯಾಂಡ್ ಲಾಟ್ ಸಂಖ್ಯೆ. ಅದರ ಹಿಂದೆ ಇನ್ನೊಂದು ಒಕ್ಕಲೆಬ್ಬಿಸಿದ ಕತೆಯಿದೆ. ಈ ನೆಲ ಚೆರೋಕಿ ಎಂಬ ಮೂಲನಿವಾಸಿ ಜನರದು. 1832ರಲ್ಲಿ ಅವರಿನ್ನೂ ಇಲ್ಲೇ ವಾಸವಾಗಿರುವಾಗಲೇ ಜಾರ್ಜಿಯಾ ರಾಜ್ಯ ಅದನ್ನು ಅಳೆದು, ಚೌಕ ಚೌಕವಾಗಿ ಕತ್ತರಿಸಿ, ಬಿಳಿಯರಿಗೆ ಲಾಟರಿ ಎತ್ತಿ ಹಂಚಿತು. ಫೋರ್ಸೈತ್ ಕೌಂಟಿ ಹುಟ್ಟಿದ್ದೂ ಆ ವರ್ಷದ ಡಿಸೆಂಬರ್‌ನಲ್ಲೇ. ಚಿನ್ನ ಸಿಗಬಹುದೆಂಬ ಭಾಗದಲ್ಲಿ ಒಂದು ಲಾಟು 40 ಎಕರೆ, ಅಂದರೆ ಹೆಚ್ಚುಕಡಿಮೆ ಕಾಲು ಮೈಲಿಗೆ ಕಾಲು ಮೈಲಿ. (ನಮ್ಮಲ್ಲಿ ಎಕರೆಗೆ 40 ಗುಂಟೆ, ಆ ನಲವತ್ತು ಬೇರೆ, ಇದು ಬೇರೆ.) ಇವತ್ತಿಗೂ ಫೋರ್ಸೈತ್‌ನ ಯಾವುದೇ ಕ್ರಯಪತ್ರದಲ್ಲಿ ಲ್ಯಾಂಡ್ ಲಾಟ್, ಡಿಸ್ಟ್ರಿಕ್ಟ್, ಸೆಕ್ಷನ್ ಎಂಬ ಮೂರು ಅಂಕಿ ಇದ್ದೇ ಇರುತ್ತವೆ. ಹೆಸರು ಬದಲಾಗಬಹುದು, ಕಾಗುಣಿತ ತಪ್ಪಬಹುದು. ಈ ಮೂರು ಅಂಕಿ ಅಲುಗಾಡುವುದಿಲ್ಲ.

ಸಂಜೆ ಐದಕ್ಕೆ ಮುಚ್ಚುವ ಹೊತ್ತಿಗೆ ಹತ್ತು ಹೆಸರಿನ ಪಟ್ಟಿ ಸಿದ್ಧವಾಗಿದ್ದರೆ ಸಾಕು. ಐವತ್ತೆಂಟನ್ನೂ ಒಂದೇ ಸಲಕ್ಕೆ ಹಿಡಿಯಲು ಹೋದರೆ ಮಾರನೆಯ ದಿನ ಯಾವುದೂ ಮುಗಿಯದು.

ಎರಡನೆಯ ದಿನ, ಗುರುವಾರ: ಕಮಿಂಗ್

ಜಾರ್ಜಿಯಾ 400ರಲ್ಲಿ ಬೆಳಗ್ಗೆ ಉತ್ತರಕ್ಕೆ ಹೋಗುವವರಿಗೆ ಅದೃಷ್ಟ. ಟ್ರಾಫಿಕ್ಕೆಲ್ಲ ಎದುರು ದಿಕ್ಕಿನದು. 14ನೇ ಎಕ್ಸಿಟ್‌ನಲ್ಲಿ ಇಳಿದು ಕಮಿಂಗ್ ಊರ ನಡುವಿನ ಚೌಕಕ್ಕೆ ಬಂದರೆ ಕಾರು ಬಿಟ್ಟು ನಡೆದೇ ಎಲ್ಲವನ್ನೂ ನೋಡಬಹುದು. ಚೌಕದ ಬಳಿ 2021ರಲ್ಲಿ ನಿಲ್ಲಿಸಿದ ಫಲಕವಿದೆ. ಸ್ಥಳೀಯರ ಸ್ಮರಣ ಸಮಿತಿಯೂ ಮಾಂಟ್ಗೊಮರಿಯ ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಸಂಸ್ಥೆಯೂ ಸೇರಿ ಹಾಕಿಸಿದ್ದು. ಘಟನೆಗೂ ಫಲಕಕ್ಕೂ ನಡುವೆ 109 ವರ್ಷದ ಅಂತರ.

1912ರ ಸೆಪ್ಟೆಂಬರ್ 9ರಂದು ಆಸ್ಕರ್‌ವಿಲ್ ಎಂಬ ಹಳ್ಳಿಯ ಬಳಿ ಮೇ ಕ್ರೋ ಎಂಬ ಬಿಳಿಯ ಯುವತಿ ಹಲ್ಲೆಗೊಳಗಾಗಿ ಬಿದ್ದಿರುವುದು ಕಂಡಿತು. ಎರಡು ವಾರದಲ್ಲಿ ಆಕೆ ತೀರಿಕೊಂಡಳು. ಆಕೆ ಸಿಕ್ಕ ಮರುದಿನವೇ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಯುವಕನನ್ನು ಗುಂಪು ಇದೇ ಊರ ಜೈಲಿನಿಂದ ಎಳೆದುತಂದು ಕೊಂದು, ಹೆಣವನ್ನು ಚೌಕದ ಟೆಲಿಫೋನ್ ಕಂಬಕ್ಕೆ ತೂಗುಹಾಕಿತು. ಇದೇ ಹಲ್ಲೆಯ ಆರೋಪ ಹೊತ್ತ ಅರ್ನೆಸ್ಟ್ ನಾಕ್ಸ್, ಆಸ್ಕರ್ ಡೇನಿಯಲ್ ಇಬ್ಬರೂ ಹದಿಹರೆಯದ ಕಪ್ಪು ಹುಡುಗರು. ನಾಕ್ಸ್‌ನಿಂದ ತಪ್ಪೊಪ್ಪಿಗೆ ಹೊರಡಿಸಿದ್ದು ಕೊಲ್ಲುವ ಬೆದರಿಕೆ ಹಾಕಿ. ಕಮಿಂಗ್‌ಗೆ ರೈಲು ಇರಲಿಲ್ಲವಾದ್ದರಿಂದ ಅವರನ್ನು ಬ್ಯುಫರ್ಡ್ ನಿಲ್ದಾಣದಲ್ಲಿ ಇಳಿಸಿ, ಸೈನಿಕರ ಕಾವಲಿನಲ್ಲಿ ಇಲ್ಲಿಗೆ ನಡೆಸಿಕೊಂಡು ಬಂದರು. ಒಂದು ದಿನದ ವಿಚಾರಣೆ, ಅಕ್ಟೋಬರ್ 25ಕ್ಕೆ ಗಲ್ಲು. ಗಲ್ಲು ಜನರಿಗೆ ಕಾಣದಿರಲಿ ಎಂದು ನ್ಯಾಯಾಧೀಶರ ಆಜ್ಞೆಯಂತೆ ಕಟ್ಟಿದ್ದ ಬೇಲಿಯನ್ನು ಹಿಂದಿನ ರಾತ್ರಿಯೇ ಸುಟ್ಟುಹಾಕಿದ್ದರು. ಸಾವಿರಾರು ಮಂದಿ ದಿಬ್ಬದ ಮೇಲೆ ಕೂತು ನೋಡಿದರು.

ಸೈನಿಕರು ಬಂದದ್ದು ಕೈದಿಗಳನ್ನು ಗಲ್ಲಿನವರೆಗೆ ಜೀವಂತ ಇಡಲು. ಹಳ್ಳಿಗಳಲ್ಲಿ ಮನೆಗಳಿಗೆ ಬೆಂಕಿ ಬೀಳುವುದನ್ನು ತಡೆಯುವ ಕೆಲಸ ಯಾರಿಗೂ ಒಪ್ಪಿಸಿರಲಿಲ್ಲ. ಒಕ್ಕಲೆಬ್ಬಿಸುವಿಕೆ ಇಷ್ಟು ಪೂರ್ತಿಯಾಗಿ ನಡೆದದ್ದಕ್ಕೆ ಮೂಲ ಕಾರಣ ಇಲ್ಲಿದೆ. ಪಕ್ಕದ ಹಾಲ್ ಕೌಂಟಿಯಲ್ಲೂ ಅದೇ ದಿನಗಳಲ್ಲಿ ಓಡಿಸುವ ಪ್ರಯತ್ನ ಶುರುವಾಗಿತ್ತು. ಅಲ್ಲಿ ಕೆಲವರನ್ನು ಹಿಡಿದು ಒಳಗೆ ಹಾಕಿದ ಮೇಲೆ ಅದು ಹಬ್ಬಲಿಲ್ಲ.

ಇದೇ ಊರಿನಲ್ಲಿ 1987ರ ಜನವರಿ 17ರಂದು ಜನಾಂಗಭೇದದ ವಿರುದ್ಧ ಒಂದು ಬಸ್ಸಿನಲ್ಲಿ ಬಂದ ಸಣ್ಣ ಮೆರವಣಿಗೆಯ ಮೇಲೆ ಕಲ್ಲು, ಬಾಟಲಿ ಬಿದ್ದವು. ಮುಂದಾಳು ನಾಗರಿಕ ಹಕ್ಕುಗಳ ಹೋರಾಟಗಾರ ಹೊಸಿಯಾ ವಿಲಿಯಮ್ಸ್. ವಾರದ ನಂತರ, 24ರಂದು, ಸುಮಾರು 20,000 ಜನ ಬಂದರು. ಕಾವಲಿಗೆ ನ್ಯಾಷನಲ್ ಗಾರ್ಡ್ ಪಡೆ. ಆಮೇಲೆ ಕೌಂಟಿ ಆಡಳಿತ ಮೆರವಣಿಗೆಯ ಪರವಾನಗಿಗೆ ದಿನಕ್ಕೆ 1,000 ಡಾಲರ್‌ವರೆಗೆ ಶುಲ್ಕ ವಿಧಿಸುವ ನಿಯಮ ಮಾಡಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1992ರಲ್ಲಿ ಗೆದ್ದದ್ದು ಬಿಳಿಯರ ಮೇಲುಗೈ ಬಯಸುವ ಒಂದು ಸಂಘ! ಅಮೆರಿಕದ ಕಾನೂನು ವಿದ್ಯಾರ್ಥಿಗಳು ಫೋರ್ಸೈತ್ ಹೆಸರು ಕೇಳುವುದು ಹೆಚ್ಚಾಗಿ ಈ ಮೊಕದ್ದಮೆಯಿಂದ, ನೆಲದ ವಿಷಯದಿಂದಲ್ಲ.

ಹತ್ತು ಗಂಟೆಗೆ ಕೋರ್ಟಿನೊಳಗೆ. ಸುಪೀರಿಯರ್ ಕೋರ್ಟ್ ಕ್ಲರ್ಕ್ ಕಚೇರಿಯ ಸ್ಥಿರಾಸ್ತಿ ವಿಭಾಗ ಎಂದು ಕೇಳಬೇಕು. ನಮ್ಮ ಸಬ್‌ ರಿಜಿಸ್ಟ್ರಾರ್ ಕಚೇರಿ ಇದ್ದ ಹಾಗೆ. ರಾಜ್ಯಮಟ್ಟದ ಕಂಪ್ಯೂಟರ್ ಸೂಚಿ ಇದೆಯಾದರೂ ಅದು ಈಚಿನ ದಶಕಗಳ ವಹಿವಾಟಿಗೆ ಮಾತ್ರ. 1912ಕ್ಕೆ ಹಳೆಯ ಸೂಚಿಯೇ ಗತಿ. ಸೂಚಿಗಳಲ್ಲಿ ಎರಡು ಬಗೆ: ಕೊಟ್ಟವರ ಸೂಚಿ, ಪಡೆದವರ ಸೂಚಿ. ಇ.ಸಿ. ತೆಗೆಸಿ ಅಭ್ಯಾಸವಿದ್ದವರಿಗೆ ತಲೆಗೆ ಹತ್ತಲು ಹತ್ತು ನಿಮಿಷ ಸಾಕು. ವ್ಯತ್ಯಾಸವೆಂದರೆ ಇಲ್ಲಿ ಹುಡುಕುವವರು ನಾವೇ. ಸಿಬ್ಬಂದಿ ಪುಸ್ತಕ ತೋರಿಸುತ್ತಾರೆ, ಓದಿ ಹೇಳುವುದಿಲ್ಲ.

ಕೆಲಸದ ಹೆಜ್ಜೆ ಹೀಗೆ ಸಾಗುತ್ತದೆ. ತೆರಿಗೆ ಪಟ್ಟಿಯಿಂದ ತಂದ ಹೆಸರನ್ನು ಮೊದಲು ಪಡೆದವರ ಸೂಚಿಯಲ್ಲಿ ನೋಡಿ, ಅವರು ನೆಲ ಕೊಂಡ ಪತ್ರವನ್ನು ಹಿಡಿಯಬೇಕು. ಲಾಟ್ ಸಂಖ್ಯೆ ತಾಳೆಯಾದರೆ ಅದೇ ಹೆಸರನ್ನು ಕೊಟ್ಟವರ ಸೂಚಿಯಲ್ಲಿ 1912ರ ಸೆಪ್ಟೆಂಬರ್‌ನಿಂದ 1920ರವರೆಗೆ ಹುಡುಕಬೇಕು. ಮಾರಾಟ ಸಿಕ್ಕರೆ ತಾರೀಖು, ಬೆಲೆ, ಕೊಂಡವರ ಹೆಸರು ಬರೆದುಕೊಳ್ಳಬೇಕು. ಸಿಗದಿದ್ದರೆ ತೆರಿಗೆ ಬಾಕಿಗೆ ಹರಾಜಾಗಿ ಷೆರಿಫ್ ಬರೆದುಕೊಟ್ಟ ಪತ್ರವೇನಾದರೂ ಇದೆಯೇ ನೋಡಬೇಕು. ಅದೂ ಇಲ್ಲದಿದ್ದರೆ 1913, 14, 15ರ ತೆರಿಗೆ ಪುಸ್ತಕದಲ್ಲಿ ಅದೇ ಲಾಟಿಗೆ ಕಂದಾಯ ಕಟ್ಟಿದವರಾರು ಎಂದು ನೋಡಿ, ಆ ಹೊಸ ಹೆಸರನ್ನು ಪಡೆದವರ ಸೂಚಿಯಲ್ಲಿ ಹುಡುಕಬೇಕು. ಅಲ್ಲಿ ಏನೂ ಇಲ್ಲದೆ, ಕೆಲವು ವರ್ಷದ ನಂತರ ಕೊಟ್ಟವರ ಸೂಚಿಯಲ್ಲಿ ಆ ಹೆಸರು ಎದ್ದುಬಂತೆಂದರೆ ಗಂಟು ಸಿಕ್ಕಿತು: ಕೊಳ್ಳದೇ ಇದ್ದ ನೆಲವನ್ನು ಆತ ಮಾರಿದ್ದಾನೆ.

ಈ ಬಗೆಯ ಹುಡುಕಾಟ ಪೂರ್ತಿ ನಡೆದಾಗ ಹೊರಬಿದ್ದ ಲೆಕ್ಕ: 58 ಭೂಮಾಲೀಕರಲ್ಲಿ 24 ಮಂದಿ ಮಾರಿದ ದಾಖಲೆಯಿದೆ, 34 ಮಂದಿಯದು ಇಲ್ಲ.

ಎಡವುವ ಜಾಗಗಳನ್ನೂ ಹೇಳಬೇಕು, ಏಕೆಂದರೆ ಅವಸರದ ಹುಡುಕಾಟ ಎರಡೂ ಕಡೆಗೆ ತಪ್ಪುತ್ತದೆ. ಮೊದಲನೆಯದು ಮನೆತನದ ಹೆಸರು. ಗುಲಾಮಗಿರಿಯ ಕಾಲದಿಂದ ಧಣಿಯ ಹೆಸರೇ ಉಳಿದುಬಂದು ಸ್ಟ್ರಿಕ್ಲೆಂಡ್‌ನಂಥ ಹೆಸರು ಬಿಳಿಯರಲ್ಲೂ ಇದೆ, ಕಪ್ಪು ಜನರಲ್ಲೂ ಇದೆ. ಕ್ರಯಪತ್ರದ ಸೂಚಿಯಲ್ಲಿ ಜನಾಂಗ ಗೊತ್ತಾಗದು. ಲಾಟ್ ಸಂಖ್ಯೆಯಿಂದ, ಪತ್ರದಲ್ಲಿ ಹೆಂಡತಿಯ ಹೆಸರಿದ್ದರೆ ಅದರಿಂದ ಮಾತ್ರ ಬೇರ್ಪಡಿಸಬಹುದು.

ಎರಡನೆಯದು ಇನ್ನೂ ಕುಟಿಲ. ಜಾರ್ಜಿಯಾದಲ್ಲಿ ಸಾಲಕ್ಕೆ ಭದ್ರತೆಯಾಗಿ ನೆಲವನ್ನೇ ಸಾಲ ಕೊಟ್ಟವನ ಹೆಸರಿಗೆ ಬರೆದುಕೊಡುವ ಪದ್ಧತಿ; ತೀರಿಸಿದ ಮೇಲೆ ಅದು ರದ್ದು. ನಮ್ಮ ಕಡೆಯ ಮುದ್ದತು ಕ್ರಯದ ತಮ್ಮನೆನ್ನಬಹುದು. ಸೂಚಿಯಲ್ಲಿ ನೋಡುವವರಿಗೆ ಅದೂ ಮಾರಾಟದ ಹಾಗೇ ಕಾಣುತ್ತದೆ. ಪತ್ರವನ್ನು ತೆರೆದು ಒಕ್ಕಣೆ ಓದದೆ ‘ಮಾರಿದ್ದಾರೆ’ ಎಂದು ಬರೆದುಕೊಂಡರೆ ಕೆಟ್ಟಂತೆ.

ಮೂರನೆಯದು, ಎಷ್ಟೋ ಪತ್ರಗಳು ನೋಂದಣಿಯೇ ಆಗದೆ ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದವು, ಬಿಳಿಯರವೂ ಅಷ್ಟೇ. ಹಾಗಾಗಿ ಪತ್ರವಿಲ್ಲ ಎಂದಾಕ್ಷಣ ಕಸಿದರು ಎಂದು ಸಾಬೀತಾಗದು. ಅದೇ ರೀತಿ ಪತ್ರವಿದೆ ಎಂದಾಕ್ಷಣ ನ್ಯಾಯವಾಗಿ ಮಾರಿದರು ಎಂದೂ ಅಲ್ಲ. ಬಂದೂಕಿನ ಎದುರು ನಿಂತು ಸಿಕ್ಕ ಬೆಲೆಗೆ ಹೆಬ್ಬೆಟ್ಟು ಒತ್ತಿದ್ದನ್ನೂ ಪುಸ್ತಕ ‘ಮಾರಾಟ’ವೆಂದೇ ಬರೆಯುತ್ತದೆ. ಆ 24ರ ಅಂಕಿಯನ್ನು ‘ಇವರಿಗಾದರೂ ದುಡ್ಡು ಸಿಕ್ಕಿತಲ್ಲ’ ಎಂಬ ಧಾಟಿಯಲ್ಲಿ ಓದುವವರು, 1912ರ ಮೊದಲು ಅದೇ ಲಾಟಿಗೆ ಕೊಟ್ಟ ಬೆಲೆಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಕಸಿದ ನೆಲ ಕಾನೂನಿನ ಕಣ್ಣಲ್ಲಿ ಹೇಗೆ ಸ್ವಂತದ್ದಾಯಿತು? ಜಾರ್ಜಿಯಾ ಕಾನೂನಿನಲ್ಲಿ 20 ವರ್ಷ ಸ್ವಾಧೀನದಲ್ಲಿದ್ದರೆ ಹಕ್ಕು ಹುಟ್ಟುತ್ತದೆ. ಕೈಯಲ್ಲಿ ಏನಾದರೊಂದು ಬರವಣಿಗೆಯ ಪತ್ರವಿದ್ದರೆ 7 ವರ್ಷ ಸಾಕು. ಅಂದರೆ 1932, ಇಲ್ಲವೇ 1919ರ ಸುಮಾರು. ಸ್ವಾಧೀನ ಬಹಿರಂಗವಾಗಿರಬೇಕು, ನಿರಂತರವಾಗಿರಬೇಕು, ಶಾಂತಿಯುತವಾಗಿರಬೇಕು, ಮೋಸದಿಂದ ಶುರುವಾಗಿರಬಾರದು ಎಂಬ ಷರತ್ತುಗಳೂ ಉಂಟು. ಡೈನಮೈಟ್ ಇಟ್ಟು ಪಡೆದ ಸ್ವಾಧೀನಕ್ಕೆ ‘ಶಾಂತಿಯುತ’ ಎಂಬ ಮಾತು ಹೊಂದುವುದೇ ಎಂದು ಕೇಳಬೇಕಾದ ಜಾಗ ಇದೇ ಕಮಿಂಗ್‌ನ ಕೋರ್ಟು. ಕೇಳಬೇಕಾದವರು ಕೌಂಟಿಯ ಗಡಿಯೊಳಗೆ ಕಾಲಿಡುವಂತಿರಲಿಲ್ಲ. ಗಡುವು ತಾನಾಗಿ ಕಳೆಯಿತು.

ಕ್ಯಾಲಿಫೋರ್ನಿಯಾದ ಬ್ರೂಸಸ್ ಬೀಚ್ ಜೊತೆ ಹೋಲಿಸಿದರೆ ಕಾಗದದ ಬೆಲೆ ತಿಳಿಯುತ್ತದೆ. ಅಲ್ಲಿ ವಿಲಾ ಬ್ರೂಸ್ ಎಂಬ ಕಪ್ಪು ಮಹಿಳೆ ಕಡಲತೀರದ ನಿವೇಶನ ಕೊಂಡದ್ದು ಇದೇ 1912ರಲ್ಲಿ. 1924ರಲ್ಲಿ ಪಾರ್ಕಿನ ನೆಪ ಹೇಳಿ ಊರಿನ ಆಡಳಿತ ಅದನ್ನು ವಶಪಡಿಸಿಕೊಳ್ಳಲು ಹೊರಟಿತು. ಅನ್ಯಾಯವೇ, ಆದರೆ ಅದಕ್ಕೆ ಮೊಕದ್ದಮೆಯ ಕಡತವಿತ್ತು, ಹೆಸರಿತ್ತು, ನಿವೇಶನದ ಸಂಖ್ಯೆಯಿತ್ತು, ಜಾಗವೂ ಸರ್ಕಾರದ ಕೈಯಲ್ಲೇ ಉಳಿದಿತ್ತು. 2022ರಲ್ಲಿ ವಾರಸುದಾರರಿಗೆ ವಾಪಸ್ಸಾಯಿತು. ಮರುವರ್ಷ ಅವರು ಅದನ್ನು ಸುಮಾರು 2 ಕೋಟಿ ಡಾಲರಿಗೆ ಅಲ್ಲಿನ ಲಾಸ್ ಏಂಜಲಿಸ್ ಕೌಂಟಿಗೇ ಮಾರಿದರು. ಫೋರ್ಸೈತ್‌ನಲ್ಲಿ ಕಸಿದವರು ಸರ್ಕಾರವಲ್ಲ, ನೆರೆಮನೆಯವರು. ನೆಲ ಕೈಯಿಂದ ಕೈಗೆ ಹೋಗಿ ನೂರಾರು ಸೈಟುಗಳಾಗಿ ಒಡೆದಿದೆ. 1987ರ ಮೆರವಣಿಗೆಗಳ ನಂತರ ಎರಡೂ ಜನಾಂಗದವರ ಜಂಟಿ ಸಮಿತಿಯೊಂದು ಕೂತಿತು. ಅದು ಒಮ್ಮತಕ್ಕೆ ಬಾರದೆ ಎರಡು ಬೇರೆ ಬೇರೆ ವರದಿ ಕೊಟ್ಟು ಎದ್ದಿತು.

ಕನ್ನಡಿಗರಿಗೆ ಇಲ್ಲೊಂದು ನೇರ ಸಂಬಂಧವಿದೆ. 1990ರಲ್ಲಿ ಫೋರ್ಸೈತ್‌ನ ಜನಸಂಖ್ಯೆ 44,083. ಅದರಲ್ಲಿ ಕಪ್ಪು ಜನ 14. 2020ರಲ್ಲಿ 2,51,283. ಏಷ್ಯಾ ಮೂಲದವರು ನೂರಕ್ಕೆ ಹದಿನೆಂಟರ ಹತ್ತಿರ, ಅವರಲ್ಲಿ ದೊಡ್ಡ ಪಾಲು ಭಾರತೀಯ ಸಾಫ್ಟ್‌ವೇರ್ ಕುಟುಂಬಗಳದು. ಕಪ್ಪು ಜನ ಇನ್ನೂ ನಾಲ್ಕರ ಆಸುಪಾಸಿನಲ್ಲೇ ಇದ್ದಾರೆ. ದಕ್ಷಿಣ ಫೋರ್ಸೈತ್‌ನ ಬಡಾವಣೆಗಳಲ್ಲಿ ಶಾಲೆ ಚೆನ್ನಾಗಿದೆ ಎಂದು ಮನೆ ಕೊಂಡ ಕನ್ನಡದ ಮನೆಗಳೂ ಇವೆ. ಮನೆ ಕೊಳ್ಳುವಾಗ ವಕೀಲರು ಹಕ್ಕುಪತ್ರದ ಸರಪಣಿ ಪರಿಶೀಲಿಸುತ್ತಾರಲ್ಲ, ಜಾರ್ಜಿಯಾದಲ್ಲಿ ಅದಕ್ಕೆ ವಾಡಿಕೆಯ ಮಿತಿ 50 ವರ್ಷ. ಎಷ್ಟು ಜಾಗರೂಕ ವಕೀಲರಾದರೂ ಆ ಮಿತಿಯೊಳಗೆ 1912ನ್ನು ಮುಟ್ಟುವುದಿಲ್ಲ. ತಮ್ಮ ಮನೆಯ ಕ್ರಯಪತ್ರದಲ್ಲಿರುವ ಲಾಟ್, ಡಿಸ್ಟ್ರಿಕ್ಟ್, ಸೆಕ್ಷನ್ ಅಂಕಿಗಳನ್ನು ಹಿಡಿದು ಹಿಂದಕ್ಕೆ ಹೋಗಲು ಮನಸ್ಸಿರುವವರಿಗೆ ಮೇಲೆ ಹೇಳಿದ ಹೆಜ್ಜೆಗಳನ್ನೇ ತಲೆಕೆಳಗು ಮಾಡಿದರಾಯಿತು: ಇವತ್ತಿನ ಮಾಲೀಕನ ಹೆಸರಿನಿಂದ ಪಡೆದವರ ಸೂಚಿ, ಅಲ್ಲಿಂದ ಮಾರಿದವನ ಹೆಸರು, ಮತ್ತೆ ಪಡೆದವರ ಸೂಚಿ. ಹೆಚ್ಚಿನ ಲಾಟುಗಳಲ್ಲಿ ಏನೂ ಸಿಗದು. ಕೌಂಟಿಯ ಬಹುಪಾಲು ನೆಲ 1912ಕ್ಕೂ ಮೊದಲೇ ಬಿಳಿಯರದಾಗಿತ್ತು. ಅದಕ್ಕೆ ಮೊದಲಿನದು ಚೆರೋಕಿಯರ ಲೆಕ್ಕ.

ಮೂರನೆಯ ದಿನ, ಶುಕ್ರವಾರ: ಸರೋವರ, ಸೇತುವೆ, ಗೇನ್ಸ್‌ವಿಲ್

ಕಮಿಂಗ್‌ನಿಂದ ಈಶಾನ್ಯಕ್ಕೆ ಹೊರಟು ಹೆದ್ದಾರಿ 369 ಹಿಡಿಯಬೇಕು. ಇಲ್ಲಿ ಅದರ ಹೆಸರು ಬ್ರೌನ್ಸ್ ಬ್ರಿಡ್ಜ್ ರಸ್ತೆ. ಆಸ್ಕರ್‌ವಿಲ್ ಈ ದಾರಿಯ ಸುತ್ತಿನದು. ಊರೆಂದು ತೋರಿಸಲು ಈಗ ಏನೂ ಇಲ್ಲ. ಚರ್ಚು, ಸ್ಮಶಾನ, ಸರೋವರದ ಕಡೆಗೆ ಇಳಿಯುವ ಮನೆಗಳ ಸಾಲು.

ಅಂತರ್ಜಾಲದಲ್ಲಿ ಹರಿದಾಡುವ ಕತೆ ಬೇರೆಯೇ ಇದೆ: ಆಸ್ಕರ್‌ವಿಲ್ ಎಂಬ ಸಿರಿವಂತ ಕಪ್ಪು ಪಟ್ಟಣವನ್ನು ಮುಳುಗಿಸಿ ಲೇನಿಯರ್ ಸರೋವರ ಮಾಡಿದರು, ಅದಕ್ಕೇ ನೀರಿನಲ್ಲಿ ದೆವ್ವಗಳಿವೆ, ಅದಕ್ಕೇ ಅಲ್ಲಿ ಜನ ಮುಳುಗಿ ಸಾಯುತ್ತಾರೆ. ಈ ಕತೆ ಹಂಚುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದು ನಿಜವಾದ ಕಳ್ಳರಿಗೆ ಉಪಕಾರ ಮಾಡುತ್ತದೆ. ಬ್ಯುಫರ್ಡ್ ಅಣೆಕಟ್ಟಿನ ಕೆಲಸ ಶುರುವಾದದ್ದು 1950ರಲ್ಲಿ, ಬಾಗಿಲು ಹಾಕಿ ನೀರು ನಿಲ್ಲಿಸಿದ್ದು 1956ರ ಫೆಬ್ರವರಿ 1ರಂದು. ಒಕ್ಕಲೆಬ್ಬಿಸಿ ಅಷ್ಟು ಹೊತ್ತಿಗೆ 43 ವರ್ಷ ಕಳೆದಿತ್ತು. ಆಸ್ಕರ್‌ವಿಲ್ ಬಿಳಿಯರೂ ಕಪ್ಪು ಜನರೂ ಇದ್ದ ಹಳ್ಳಿಗಾಡೇ ಹೊರತು ಕಪ್ಪು ಪಟ್ಟಣವಲ್ಲ. ಅಣೆಕಟ್ಟಿಗಾಗಿ ಸೇನೆಯ ಎಂಜಿನಿಯರ್ ವಿಭಾಗ ನೆಲವನ್ನು ದುಡ್ಡು ಕೊಟ್ಟು ಕೊಂಡಿತು, ಮತ್ತು ಆ ದುಡ್ಡು ಹೋದದ್ದು 1950ರ ದಶಕದಲ್ಲಿ ಕಾಗದದ ಮೇಲೆ ಯಾರ ಹೆಸರಿತ್ತೋ ಅವರಿಗೆ. ಕಸಿದ ತುಂಡೊಂದು ಸರೋವರದ ಪಾತ್ರದೊಳಗೆ ಬಿದ್ದಿದ್ದರೆ ಕಸಿದವರ ಕಡೆಯವರಿಗೆ ಪರಿಹಾರವೂ ಸಿಕ್ಕಿತು ಎಂದಾಯಿತು. ದೆವ್ವದ ಕತೆಯಲ್ಲಿ ನೀರು ನುಂಗಿತು, ಮುಗಿಯಿತು. ನೋಂದಣಿ ಪುಸ್ತಕ ನೋಡಿದರೆ ನುಂಗಿದವರಿಗೆ ಹೆಸರಿದೆ.

ದಾರಿಯಲ್ಲಿ ವ್ಯಾನ್ಸ್ ಟ್ಯಾವರ್ನ್ ಎಂಬ ದಡದ ಉದ್ಯಾನವಿದೆ; ತೆರೆದಿದೆಯೇ, ಕಾರಿಗೆ ಶುಲ್ಕವೆಷ್ಟು ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಹೆಸರು ಬಂದದ್ದು ಚೆರೋಕಿ ಮುಖಂಡ ಜೇಮ್ಸ್ ವ್ಯಾನ್‌ನ ಛತ್ರದಿಂದ. ನೀರು ಏರುವ ಮೊದಲು ಆ ಮರದ ಕಟ್ಟಡವನ್ನು ಬಿಚ್ಚಿ ಸಾಗಿಸಿ, ಚೆರೋಕಿಯರ ಹಳೆಯ ರಾಜಧಾನಿ ನ್ಯೂ ಎಚೋಟಾದ ಸ್ಮಾರಕದಲ್ಲಿ ಮತ್ತೆ ಜೋಡಿಸಿದರು. ಓಡಿಸಿದವರ ಕಟ್ಟಡಕ್ಕೆ ಇಷ್ಟು ಮರ್ಯಾದೆ ಸಿಗಲು ನೂರಕ್ಕೂ ಹೆಚ್ಚು ವರ್ಷ ಹಿಡಿದಿತ್ತು.

ನೀರಿನ ಅಡಿಯಲ್ಲಿ ಊರು ಕಾಣುತ್ತದೆಂದು ಬರುವವರಿಗೆ ನಿರಾಶೆ ಖಂಡಿತ. ಸರೋವರದ ಪೂರ್ಣಮಟ್ಟ ಸಮುದ್ರದಿಂದ 1,071 ಅಡಿ. ಚಳಿಗಾಲದಲ್ಲಿ ಒಂದು ಅಡಿ ಇಳಿಸುತ್ತಾರೆ, ಅಷ್ಟೇ. 2007ರ ಡಿಸೆಂಬರ್‌ನ ಬರದಲ್ಲಿ 1,051 ಅಡಿಗೂ ಕೆಳಗಿಳಿದಾಗ ಗೇನ್ಸ್‌ವಿಲ್ ಕಡೆಯ ಹಳೆಯ ಕಾರ್ ರೇಸ್ ಮೈದಾನದ ಮೆಟ್ಟಿಲುಗಳು ಮೇಲೆ ಬಂದಿದ್ದವು.

ಒಕ್ಕಲೆದ್ದ ನಂತರದ ಭಯ ಎಷ್ಟು ಉದ್ದದ್ದು ಎಂಬುದಕ್ಕೂ ಈ ದಡವೇ ಸಾಕ್ಷಿ. 1980ರ ಬೇಸಿಗೆಯಲ್ಲಿ ವಿಹಾರಕ್ಕೆ ಬಂದ ಅಟ್ಲಾಂಟಾದ ಕಪ್ಪು ಅಗ್ನಿಶಾಮಕನೊಬ್ಬನಿಗೆ ಫೋರ್ಸೈತ್ ದಡದಲ್ಲಿ ಗುಂಡು ಹೊಡೆದರು, ಆತ ಬದುಕಿದ.

369ರಲ್ಲೇ ಮುಂದೆ ಬ್ರೌನ್ಸ್ ಸೇತುವೆ. ಈಗಿನದು ಸರೋವರದ ಮೇಲಿನದು. 1912ರಲ್ಲಿ ಕೆಳಗೆ ಚಾಟಹೂಚಿ ನದಿ ಹರಿಯುತ್ತಿತ್ತು. ಹೊತ್ತಷ್ಟು ಸಾಮಾನು ಗಾಡಿಗೆ ಹೇರಿಕೊಂಡು ಅನೇಕ ಕುಟುಂಬಗಳು ಹಾಲ್ ಕೌಂಟಿಗೆ ದಾಟಿದ್ದು ಇಲ್ಲೇ. ಸೇತುವೆಯ ಮೇಲೆ ಕಾರು ನಿಲ್ಲಿಸುವಂತಿಲ್ಲ.

ಗೇನ್ಸ್‌ವಿಲ್‌ನಲ್ಲಿ ರೈಲಿತ್ತು, ಗಿರಣಿಗಳಿದ್ದವು. ನೆಲವಿದ್ದವರು ಇಲ್ಲಿ ಕೂಲಿಗಳಾದರು. ಬ್ಯೂಲಾ ರಕ್ಕರ್ ಎಂಬಾಕೆ ಕಪ್ಪು ಮಕ್ಕಳಿಗಾಗಿ ಶಾಲೆ ಕಟ್ಟಿದ್ದು ಈ ಊರಿನಲ್ಲೇ. ಅದರ ನೆನಪಿನ ಸಂಗ್ರಹಾಲಯಕ್ಕೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡು ಹೋಗುವುದು ಕ್ಷೇಮ. ಹಳೆಯ ಕುಟುಂಬಗಳ ಹೆಸರುಗಳನ್ನು ಇಲ್ಲಿನ 1920ರ ಗಣತಿಯಲ್ಲಿ ಹುಡುಕಿ, 1910ರ ಫೋರ್ಸೈತ್ ಪಟ್ಟಿಗೆ ಹೊಂದಿಸಿದರೆ 26ನೇ ಕಲಂನ ‘ಓ’ ಎಲ್ಲೆಲ್ಲಿ ‘ಆರ್’ ಆಯಿತು ಎಂಬುದು ತಿಳಿಯುತ್ತದೆ. 1920ರ ಹಾಳೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿರುವುದರಿಂದ ಮೇಲಿನ ತಲೆಬರಹ ಓದಿಕೊಂಡೇ ಹೋಗಬೇಕು.

ನಾಲ್ಕನೆಯ ದಿನ, ಶನಿವಾರ: ಮಾಂಟ್ಗೊಮರಿ

ಅಟ್ಲಾಂಟಾದಿಂದ ಐ-85ರಲ್ಲಿ ನೈಋತ್ಯಕ್ಕೆ 160 ಮೈಲಿ, ಎರಡೂವರೆ ಗಂಟೆ. ಅಲಬಾಮಾ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ಎಂಟಕ್ಕೆ ಹೊರಟರೆ ಅಲ್ಲಿನ ಒಂಬತ್ತೂವರೆಗೇ ತಲುಪಬಹುದು. ಸಂಗ್ರಹಾಲಯ, ದಿಬ್ಬದ ಮೇಲಿನ ಸ್ಮಾರಕ, ನದಿಯ ಬದಿಯ ಶಿಲ್ಪವನ ಮೂರಕ್ಕೂ ಒಂದೇ ಟಿಕೆಟ್. ನಡುವೆ ಬಸ್ಸು ಓಡಾಡುತ್ತದೆ. ದೊಡ್ಡ ಬ್ಯಾಗು ಕಾರಿನಲ್ಲೇ ಇರಲಿ.

2018ರ ಏಪ್ರಿಲ್‌ನಲ್ಲಿ ತೆರೆದ ಸ್ಮಾರಕದಲ್ಲಿ ತುಕ್ಕುಬಣ್ಣದ ಉಕ್ಕಿನ ಕಂಬಗಳು 800ಕ್ಕೂ ಹೆಚ್ಚು, ಕೌಂಟಿಗೊಂದರಂತೆ. ಅವುಗಳ ಮೇಲೆ ಗುಂಪುಗಳು ಕೊಂದ 4,400ಕ್ಕೂ ಹೆಚ್ಚು ಜನರ ಲೆಕ್ಕ. ಒಳಹೊಕ್ಕಾಗ ಕಂಬಗಳು ಆಳೆತ್ತರಕ್ಕೆ ಎದುರಿಗೇ ನಿಂತಿರುತ್ತವೆ. ನೆಲ ಇಳಿಜಾರಾಗುತ್ತ ಹೋದಂತೆ ಅವು ಮೇಲೇರಿ, ಕೊನೆಯಲ್ಲಿ ತಲೆಯ ಮೇಲೆ ತೂಗುತ್ತವೆ. ಫೋರ್ಸೈತ್ ಕಂಬ ಹುಡುಕಲು ಅಂದಾಜಿನಲ್ಲಿ ಅಲೆಯುವುದಕ್ಕಿಂತ ಸಿಬ್ಬಂದಿಯನ್ನು ಕೇಳುವುದು ಮೇಲು. ಫೋರ್ಸೈತ್ ಹೆಸರಿನ ಕೌಂಟಿ ಉತ್ತರ ಕ್ಯಾರೊಲೈನಾದಲ್ಲೂ ಇರುವುದರಿಂದ ಜಾರ್ಜಿಯಾದ್ದು ಎಂದು ಸ್ಪಷ್ಟವಾಗಿ ಹೇಳಬೇಕು. ಹೊರಗೆ ಹುಲ್ಲಿನ ಮೇಲೆ ಅದೇ ಕಂಬಗಳ ಪ್ರತಿರೂಪಗಳು ಮಲಗಿವೆ, ಆಯಾ ಕೌಂಟಿಯವರು ಬಂದು ಒಯ್ಯಲಿ ಎಂದು.

ಇಲ್ಲಿ ಲೆಕ್ಕಕ್ಕೆ ಬರುವುದು ರಾಬ್ ಎಡ್ವರ್ಡ್ಸ್‌ನಂಥವರ ಕೊಲೆ. ನಾಕ್ಸ್, ಡೇನಿಯಲ್ ಸತ್ತದ್ದು ನ್ಯಾಯಾಧೀಶರ ಸಹಿಯ ಮೇಲೆ. 1,098 ಜನರಿಗೂ 1,900 ಎಕರೆಗೂ ಕಂಬವಿಲ್ಲ. ಸ್ಮಾರಕವನ್ನು ಕಟ್ಟಿದ್ದು ಆ ಲೆಕ್ಕಕ್ಕಲ್ಲ. ಬುಧವಾರ, ಗುರುವಾರ ಬರೆದುಕೊಂಡ ಲಾಟ್ ಸಂಖ್ಯೆಗಳ ಹಾಳೆಯನ್ನು ಕಾರಿನಲ್ಲಿ ಬಿಡದೆ ಜೊತೆಗೆ ತಂದಿದ್ದರೆ ಎರಡನ್ನೂ ಒಟ್ಟಿಗಿಟ್ಟು ಓದಬಹುದು.

ಐದಕ್ಕೆ ಮುಚ್ಚುತ್ತಾರೆ. ವಾಪಸ್ಸು ಬರುವಾಗ ಬೆಳಗ್ಗೆ ಸಿಕ್ಕ ಒಂದು ಗಂಟೆಯನ್ನು ಗಡಿಯಲ್ಲಿ ಹಿಂದಿರುಗಿಸಬೇಕು. ಅಟ್ಲಾಂಟಾ ಸೇರುವಾಗ ರಾತ್ರಿ ಎಂಟೂವರೆ.